ಎರಡು ಹಳೆಯ ವಾಲ್ವ್ ಆಂಪ್ಲಿಫೈಯರ್: ಒಂದನ್ನು ಸರಿಮಾಡಿದೆ, ಒಂದನ್ನು ಮಾರಿದೆ

ನನ್ನ ಹತ್ತಿರ 1960ರ ದಶಕದ ಎರಡು ಸ್ಟೀರಿಯೋ ವಾಲ್ವ್ ಆಂಪ್ಲಿಫೈಯರ್‌ಗಳಿದ್ದವು. ಎರಡೂ ಯಾವಾಗ ಕೈಕೊಡುತ್ತವೋ ಹೇಳಲಾಗುತ್ತಿರಲಿಲ್ಲ. ವಾಲ್ವ್ ಅಂದರೆ ಸದ್ದನ್ನು ದೊಡ್ಡದು ಮಾಡುವ ಗಾಜಿನ ಕೊಳವೆ. ಒಂದರಲ್ಲಿ ಇಎಲ್84 ಅನ್ನುವ ಮಾದರಿಯ ನಾಲ್ಕು ವಾಲ್ವ್, ಇನ್ನೊಂದರಲ್ಲಿ ಇಎಲ್ಎಲ್80 ಮಾದರಿಯವು ಎರಡು.

ಕಿವಿಗೆ ಕೇಳಿದರೆ ಮೊದಲನೆಯದೇ ಹಾಳಾದದ್ದು. ಆನ್ ಮಾಡಿದ ಕೂಡಲೇ ಗುಂಯ್ ಅನ್ನುತ್ತಿತ್ತು. ಅರ್ಧ ಗಂಟೆಯಲ್ಲಿ ಒಂದು ವಾಲ್ವಿನ ಪ್ಲೇಟ್ (ಒಳಗಿನ ಲೋಹದ ತಗಡು) ಕೆಂಪಗೆ ಕಾಯುತ್ತಿತ್ತು. ಎರಡನೆಯದು ಚೆನ್ನಾಗಿ ಹಾಡುತ್ತಿತ್ತು, ಆದರೆ ಬಿಸಿಯಾದ ಮೇಲೆ ಎಡಗಡೆ ಕರಕರ ಅಂದು ಸದ್ದು ನಿಂತುಹೋಗುತ್ತಿತ್ತು. ಗುಂಯ್ ಅನ್ನುವುದನ್ನು ಮಾರಿ ಇದನ್ನು ಇಟ್ಟುಕೊಳ್ಳೋಣ ಅಂದುಕೊಂಡಿದ್ದೆ. ತಳ ಬಿಚ್ಚಿ ಅಳೆದ ಮೇಲೆ ಲೆಕ್ಕ ತಿರುಗಿತು.

ಇಎಲ್84ರ ಗುಂಯ್ ಸದ್ದಿಗೆ ಕಾರಣ ಒಣಗಿದ ಫಿಲ್ಟರ್ ಕೆಪಾಸಿಟರ್, ಅಂದರೆ ಪವರ್ ಸಪ್ಲೈಯ ಏರಿಳಿತ ಸಮ ಮಾಡುವುದು. ಪ್ಲೇಟ್ ಕೆಂಪಾಗುವುದು ನಿಲ್ಲಲಿ ಅಂತ ಹೊಸ ವಾಲ್ವ್ ಹಾಕಿ ನೋಡಿದ್ದೆ, ಅದೂ ಕೆಂಪಾಯಿತು. ಆ ಒಂದು ವಾಲ್ವ್ ತೆಗೆದು ಸಾಕೆಟ್ಟಿನಲ್ಲಿ ಗ್ರಿಡ್ (ವಾಲ್ವಿನ ಕರೆಂಟನ್ನು ಹಿಡಿತದಲ್ಲಿಡುವ ಭಾಗ) ಪಿನ್ ಅಳೆದರೆ, ಸೊನ್ನೆ ಇರಬೇಕಾದ ಕಡೆ 4 ವೋಲ್ಟ್! ಡಿಸಿ ತಡೆದು ಸದ್ದಿನ ಸಿಗ್ನಲ್ ಮಾತ್ರ ಬಿಡಬೇಕಾದ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿತ್ತು. ಗ್ರಿಡ್ಡಿಗೆ ಹೀಗೆ ವೋಲ್ಟೇಜ್ ಬಂದರೆ ವಾಲ್ವ್ ಜಾಸ್ತಿ ಕರೆಂಟ್ ಎಳೆಯುತ್ತದೆ. ಇಎಲ್84ರ ಪ್ಲೇಟ್ ತಡೆಯುವುದು 12 ವ್ಯಾಟ್ ಅಷ್ಟೇ, ತುಂಬಾ ಮೀರಿದರೆ ಕೆಂಪಾಗುತ್ತದೆ. ಒಳ್ಳೆಯ ಸುದ್ದಿ ಅಂದರೆ ಟ್ರಾನ್ಸ್‌ಫಾರ್ಮರ್‌ಗಳೆಲ್ಲ ಗಟ್ಟಿಯಾಗಿದ್ದವು. ಹಳೆಯ ಕೆಪಾಸಿಟರ್‌ಗಳನ್ನೂ, ಓಮ್ ಅಳತೆ ಏರಿಹೋಗಿದ್ದ ಕಾರ್ಬನ್ ರೆಸಿಸ್ಟರ್‌ಗಳನ್ನೂ ಬದಲಿಸಿದೆ. 100 ಕಿಲೋಓಮ್‌ನದು ಒಂದು 140 ತೋರಿಸುತ್ತಿತ್ತು! ಮೊದಲ ಸಲ ಆನ್ ಮಾಡುವಾಗ ಸೀರೀಸ್‌ನಲ್ಲಿ ಒಂದು ಬಲ್ಬ್ ಹಾಕಿದ್ದೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿಯುತ್ತದೆ, ಆಂಪ್ಲಿಫೈಯರ್ ಉಳಿಯುತ್ತದೆ.

ಒಂದು ಮಾತು ದಯವಿಟ್ಟು ನೆನಪಿಡಿ. ಪ್ಲಗ್ ಕಿತ್ತ ಮೇಲೂ ಈ ಕೆಪಾಸಿಟರ್‌ಗಳಲ್ಲಿ 300 ವೋಲ್ಟ್ ಉಳಿದಿರಬಹುದು. ಅದು ಜೀವ ತೆಗೆಯುತ್ತದೆ. ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರಿನಲ್ಲಿ ನೋಡಿ, ಆಮೇಲೆ ಕೈ ಹಾಕಬೇಕು. ಅಭ್ಯಾಸ ಇಲ್ಲದಿದ್ದರೆ ಗೊತ್ತಿದ್ದವರ ಕೈಗೆ ಕೊಡಿ.

ಇಎಲ್ಎಲ್80ರದು ಬೇರೆ ಕಥೆ. ಎಡಗಡೆಯ ಸ್ಪೀಕರಿಗೆ ಸದ್ದು ಕಳಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಒಳಗೇ ತಂತಿ ತುಂಡಾಗಿತ್ತು. ತಣ್ಣಗಿದ್ದಾಗ ತಾಗುತ್ತಿತ್ತು, ಬಿಸಿಯಾದಾಗ ಬಿಡುತ್ತಿತ್ತು. ಮತ್ತೆ ಸುತ್ತಿಸಬಹುದು, ಆದರೆ ಪದರಗಳನ್ನು ಮೊದಲಿನ ಹಾಗೇ ಸುತ್ತದಿದ್ದರೆ ಬಲಗಡೆಯ ಸದ್ದಿಗೆ ಹೊಂದುವುದಿಲ್ಲ. ವಾಲ್ವಿನ ಕಥೆ ಇನ್ನೂ ಕಷ್ಟ. ಇಎಲ್84 ಇವತ್ತಿಗೂ ಹೊಸದಾಗಿ ಸಿಗುತ್ತದೆ. ಒಂದೇ ಗಾಜಿನೊಳಗೆ ಎರಡು ಪೆಂಟೋಡ್ (ಅಂದರೆ ಎರಡು ವಾಲ್ವ್ ಇದ್ದ ಹಾಗೆ) ಇರುವ ಇಎಲ್ಎಲ್80ಗೆ ಹಳೆಯ ಸ್ಟಾಕ್ ಹುಡುಕಬೇಕು. ಬೇರೆ ವಾಲ್ವ್ ಹಾಕಬೇಕಾದರೆ ವೈರಿಂಗ್ ಬದಲಿಸಬೇಕು, ವಾಲ್ವ್ ನೋಡಿಕೊಂಡು ಟ್ರಾನ್ಸ್‌ಫಾರ್ಮರ್ ಕೂಡ ಬದಲಿಸಬೇಕಾಗಬಹುದು. ಎಲ್ಲ ಬದಲಿಸಿದರೆ ಉಳಿಯುವುದು ಪೆಟ್ಟಿಗೆ ಮಾತ್ರ, ಅಲ್ವಾ?

ಮಾರಿದೆ. ಯಾವ ಸುತ್ತು ತುಂಡಾಗಿದೆ, ಮೀಟರ್ ಎಷ್ಟು ತೋರಿಸಿತು ಎಲ್ಲ ಬರೆದೇ ಕೊಟ್ಟೆ. ವಾಲ್ವ್‌ಗಳನ್ನು ತೆಗೆದು ಬೇರೆಯಾಗಿ ಸುತ್ತಿ ಕಟ್ಟಿದೆ. ಕೊಂಡವರ ಹತ್ತಿರ ಇದೇ ಮಾದರಿಯ ಇನ್ನೊಂದಿತ್ತು, ಅದರ ಪವರ್ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಎರಡು ಸೇರಿ ಒಂದಾಗುತ್ತದೆ ಅಂತ ಗೊತ್ತಾದಾಗ ಮನಸ್ಸು ಹಗುರವಾಯಿತು.

ಇಎಲ್84 ನನ್ನ ಮೇಜಿನ ಮೇಲೇ ಇದೆ. ಆಗಾಗ ಕ್ಯಾಥೋಡ್ ವೋಲ್ಟೇಜ್ ಅಳೆಯುತ್ತೇನೆ, ವಾಲ್ವ್ ಎಷ್ಟು ಕರೆಂಟ್ ಎಳೆಯುತ್ತಿದೆ ಅಂತ ಅದರಿಂದ ಗೊತ್ತಾಗುತ್ತದೆ. ಎರಡು ವರ್ಷದಿಂದ ಆ ಅಂಕಿ ಕದಲಿಲ್ಲ.