ಕಾರ್ವರ್ ಫೋಟೋ ಇರುವ ಗಾಣದಂಗಡಿ: ಒಂದೂವರೆ ವರ್ಷ ಎಣ್ಣೆ ಮಾಡಿಸಿದ ಮೇಲೆ

ತುಮಕೂರಿನಲ್ಲಿ ಗಾಣದ ಎಣ್ಣೆ ಎಲ್ಲಿ ಚೆನ್ನಾಗಿರುತ್ತದೆ ಅಂತ ಆಫೀಸಿನಲ್ಲಿ ವಾರಕ್ಕೊಬ್ಬರಾದರೂ ಕೇಳುತ್ತಾರೆ. ಎಲ್ಲರಿಗೂ ಬಾಯಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದುಬಿಡುತ್ತಿದ್ದೇನೆ. ಅಂಗಡಿ ಇರುವುದು ಊರಿನ ಮಧುಗಿರಿ ಕಡೆಯ ಅಂಚಿನಲ್ಲಿ. ಹೆಸರು ಹಾಕುವುದಿಲ್ಲ, ಯಾಕೆಂದರೆ ಮುಂದೆ ಒಂದೆರಡು ದೂರು ಇದೆ, ಸುಮ್ನೆ ಅವರ ಹೊಟ್ಟೆ ಮೇಲೆ ಹೊಡೆಯುವ ಆಸೆ ನನಗಿಲ್ಲ. ಗುರುತು ಇಷ್ಟೇ: ಗಲ್ಲಾದ ಹಿಂದಿನ ಗೋಡೆಯಲ್ಲಿ ದೇವರ ಫೋಟೋಗಳ ಸಾಲಿನ ಕೊನೆಗೆ ಕೋಟಿನ ಗುಂಡಿಗೆ ಹೂ ಸಿಕ್ಕಿಸಿಕೊಂಡ ಒಬ್ಬ ಕಪ್ಪು ಮನುಷ್ಯರ ಫೋಟೋ ಇದೆ. ಅದಕ್ಕೂ ದಿನಾ ಊದುಬತ್ತಿ ಬೆಳಗುತ್ತಾರೆ.

ಮೊದಲ ಸಲ ಹೋದಾಗ ಇದ್ಯಾರು ಅಂತ ಕೇಳಿದೆ. ‘ಕಡ್ಲೆಕಾಯಿ ಮೇಷ್ಟ್ರು ಸ್ವಾಮಿ, ಅಮೆರಿಕದವರು’ ಅಂದರು ಯಜಮಾನರು. ಅವರ ಮಗಳು ಬಿಎಸ್‌ಸಿ ಅಗ್ರಿ ಓದುತ್ತಾಳೆ, ಅವಳೇ ಪ್ರಿಂಟ್ ತೆಗೆಸಿ ಕಟ್ಟು ಹಾಕಿಸಿದ್ದು. ಜಾರ್ಜ್ ವಾಷಿಂಗ್ಟನ್ ಕಾರ್ವರ್. ಶಾಲೆಯಲ್ಲಿ ಎಲ್ಲೋ ಒಂದು ಸಾಲು ಓದಿದ ನೆನಪಿತ್ತು, ಅಷ್ಟೇ.

ಮೊದಲು ಎಣ್ಣೆಯ ವಿಷಯ. ನಮ್ಮ ಜಮೀನು ಪಾವಗಡದ ಕಡೆ, ದೊಡ್ಡಪ್ಪ ನೋಡಿಕೊಳ್ಳುತ್ತಾರೆ. ಅಲ್ಲಿಂದ ಬಂದ ಕಾಯಿ ಕೊಟ್ಟು ಎಣ್ಣೆ ಮಾಡಿಸುತ್ತೇನೆ. ಇದು ಮರದ ಗಾಣ, ಬಾಗೆ ಮರದ್ದು, ಆದರೆ ತಿರುಗಿಸುವುದು ಮೋಟರ್. ಎತ್ತಿನ ಗಾಣ ಅಂದುಕೊಂಡು ಮಕ್ಕಳನ್ನು ಕರೆದುಕೊಂಡು ಹೋಗಬೇಡಿ, ನಾನು ಹೋಗಿ ಬೈಸಿಕೊಂಡಿದ್ದೇನೆ. ಹೋದ ಸಲದ ಲೆಕ್ಕ ಹೇಳುತ್ತೇನೆ. 40 ಕೆಜಿ ಮೂಟೆ ಕಾಯಿ ಸುಲಿಸಿ, ಜೊಳ್ಳು ಕೇರಿ, ಆರಿಸಿದ ಮೇಲೆ 28 ಕೆಜಿ ಬೀಜ. ಅದಕ್ಕೆ ಬಂದದ್ದು ಹತ್ತೂವರೆ ಲೀಟರ್ ಎಣ್ಣೆ, 17 ಕೆಜಿ ಹಿಂಡಿ. ಎರಡೂವರೆಯಿಂದ ಮೂರು ಕೆಜಿ ಬೀಜಕ್ಕೆ ಒಂದು ಲೀಟರ್ ಅಂತ ಇಟ್ಟುಕೊಳ್ಳಿ. ಇದಕ್ಕಿಂತ ಭಾರೀ ಜಾಸ್ತಿ ಬರುತ್ತದೆ ಅಂತ ಯಾರಾದರೂ ಹೇಳಿದರೆ ಸ್ವಲ್ಪ ಅನುಮಾನ ಪಡಿ. ಅದೇ ರೀತಿ, ಒಂದು ಲೀಟರ್ ಗಾಣದ ಕಡ್ಲೆಕಾಯಿ ಎಣ್ಣೆ ಎರಡು ಕೆಜಿ ಬೀಜದ ರೇಟಿಗೂ ಕಮ್ಮಿಗೆ ಸಿಕ್ಕರೂ ಅನುಮಾನ ಪಡಿ!

ವಾಸನೆ ಚೆನ್ನಾಗಿದೆ, ಒಗ್ಗರಣೆ ಹಾಕಿದರೆ ಪಕ್ಕದ ಮನೆಯವರಿಗೂ ಗೊತ್ತಾಗುತ್ತದೆ. ಮುದ್ದೆಗೆ ಉಪ್ಸಾರು ಖಾರ ಕಲಸುವಾಗ ಮೇಲೆ ಒಂದು ಚಮಚ ಹಸಿ ಎಣ್ಣೆ ಬಿಟ್ಟುಕೊಳ್ಳಿ, ಆಮೇಲೆ ಮಾತಾಡೋಣ. ಎರಡು ಮೂರು ದಿನ ಕದಲಿಸದೆ ಇಟ್ಟರೆ ಮಡ್ಡಿ ಕೆಳಗೆ ಕೂರುತ್ತದೆ, ಮೇಲಿನ ತಿಳಿ ಬಸಿದುಕೊಳ್ಳಬೇಕು. ಅಂಗಡಿಯವರು ಅವಸರದಲ್ಲಿ ಅದೇ ದಿನ ಬಾಟಲಿಗೆ ತುಂಬಿ ಮಾರುತ್ತಾರೆ, ಇದು ನನ್ನ ಮೊದಲ ದೂರು. ತಳದಲ್ಲಿ ಒಂದು ಬೆರಳು ಮಡ್ಡಿ ಇರುವ ಬಾಟಲಿಗೆ ಪೂರ್ತಿ ದುಡ್ಡು ಯಾಕೆ ಕೊಡಬೇಕು?

ಎರಡನೇ ದೂರು ಹಿಂಡಿಯದ್ದು. ‘ಹಿಂಡಿ ಬಿಟ್ಟು ಹೋಗಿ, ಕೂಲಿ ಬೇಡ’ ಅಂತ ಕೆಲಸದ ಹುಡುಗ ಹೇಳುತ್ತಾನೆ. ಕೇಳಲು ಧಾರಾಳ ಅನಿಸುತ್ತದೆ, ಅಲ್ವಾ? ಕೆಜಿ ಬೀಜಕ್ಕೆ 20 ರೂಪಾಯಿ ಕೂಲಿ ಅಂದರೆ ನನ್ನದು 560 ಆಗುತ್ತಿತ್ತು. 17 ಕೆಜಿ ಹಿಂಡಿಯನ್ನು ಅದೇ ಅಂಗಡಿಯಲ್ಲಿ ಕೊಳ್ಳಲು ಹೋದರೆ ಅವತ್ತು ಕೆಜಿಗೆ 45. ಲೆಕ್ಕ ನೀವೇ ಹಾಕಿ. ಎರಡು ಸಲ ಮೋಸ ಹೋದ ಮೇಲೆ ನನಗೆ ಬುದ್ಧಿ ಬಂತು. ಈಗ ಕೂಲಿ ಕೊಟ್ಟು ಹಿಂಡಿ ತರುತ್ತೇನೆ, ಅದು ದೊಡ್ಡಪ್ಪನ ಹಸುಗಳಿಗೆ ಹೋಗುತ್ತದೆ. ಇದನ್ನು ಯಜಮಾನರ ಮುಂದೆಯೇ ಹೇಳಿದ್ದೇನೆ. ಗೋಡೆಯ ಮೇಲೆ ಆ ಮೇಷ್ಟ್ರನ್ನು ಇಟ್ಟುಕೊಂಡು ಹಿಂಗೆ ಮಾಡಬಹುದಾ ಅಂತಲೂ ಕೇಳಿದೆ. ನಕ್ಕರು. ಅಷ್ಟೇ.

ಆ ಮಾತು ಯಾಕೆ ಬಂತು ಅಂತ ಹೇಳಬೇಕು. ಮೂರನೇ ಸಲ ಹೋದಾಗ ಗಾಣದ ಮುಂದೆ ಎರಡು ಗಂಟೆ ಕಾಯಬೇಕಾಯಿತು. ಆ ಹುಡುಗಿ ಅಲ್ಲೇ ಇದ್ದಳು, ಅವಳೇ ಅಷ್ಟೂ ಕತೆ ಹೇಳಿದಳು. ಮನೆಗೆ ಬಂದು ನಾನೂ ಓದಿದೆ.

ಕಾರ್ವರ್ ಹುಟ್ಟಿದ್ದು 1864ರ ಆಸುಪಾಸಿನಲ್ಲಿ, ಮಿಸೌರಿಯಲ್ಲಿ, ಗುಲಾಮರಾಗಿ. ಯಾವ ವರ್ಷ ಅಂತ ಅವರಿಗೇ ಸರಿಯಾಗಿ ಗೊತ್ತಿರಲಿಲ್ಲ, ಗುಲಾಮರ ಮಕ್ಕಳ ಜಾತಕ ಯಾರು ಬರೆದಿಡುತ್ತಾರೆ. ಕೂಸಾಗಿದ್ದಾಗಲೇ ದರೋಡೆಕೋರರು ತಾಯಿ ಸಮೇತ ಹೊತ್ತುಕೊಂಡು ಹೋದರು. ಮಗು ವಾಪಸ್ ಸಿಕ್ಕಿತು, ತಾಯಿ ಸಿಗಲೇ ಇಲ್ಲ. ಮಗುವನ್ನು ಬಿಡಿಸಿಕೊಳ್ಳಲು ಯಜಮಾನ ಒಂದು ಕುದುರೆ ಕೊಟ್ಟ ಅಂತ ಹೇಳುತ್ತಾರೆ. ಮುಂದೆ ಕನ್ಸಾಸ್‌ನ ಒಂದು ಕಾಲೇಜು ಕಾಗದದಲ್ಲಿ ಸೀಟು ಕೊಟ್ಟಿತು, ಹುಡುಗ ಬಾಗಿಲಿಗೆ ಬಂದು ನಿಂತಾಗ ಮೈಬಣ್ಣ ನೋಡಿ ಇಲ್ಲ ಅಂದಿತು. ಕೊನೆಗೆ ಅಯೋವಾದಲ್ಲಿ ಚಿತ್ರಕಲೆ ಕಲಿಯಲು ಸೇರಿದರು. ಗಿಡಗಳನ್ನು ಅವರು ಬಿಡಿಸುತ್ತಿದ್ದ ರೀತಿ ನೋಡಿ ಅಲ್ಲಿನ ಟೀಚರ್ ‘ನೀನು ಸಸ್ಯಶಾಸ್ತ್ರ ಓದು’ ಅಂತ ಅಯೋವಾ ಸ್ಟೇಟ್ ಅನ್ನುವ ಕೃಷಿ ಕಾಲೇಜಿಗೆ ಕಳಿಸಿದರು. ಅಲ್ಲಿನ ಮೊದಲ ಕಪ್ಪು ವಿದ್ಯಾರ್ಥಿ, 1894ರಲ್ಲಿ ಪದವಿ, 1896ರಲ್ಲಿ ಸ್ನಾತಕೋತ್ತರ. ಅಲ್ಲಿಯೇ ಮೇಷ್ಟ್ರಾಗಿ ನೆಮ್ಮದಿಯಾಗಿ ಇರಬಹುದಿತ್ತು. ಕಪ್ಪು ಜನರಿಗಾಗಿ ಅಲಬಾಮಾದಲ್ಲಿ ಟಸ್ಕೆಗೀ ಕಾಲೇಜು ನಡೆಸುತ್ತಿದ್ದ ಬುಕರ್ ಟಿ. ವಾಷಿಂಗ್ಟನ್ ಕರೆದರು ಅಂತ ಅದೇ 1896ರಲ್ಲಿ ಅಲ್ಲಿಗೆ ಹೋದರು. 1943ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ.

ಅಲಬಾಮಾದ ಕತೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆ ನಂಬಿದ ಹೊಲ, ಬೇರೆಯವರ ಜಮೀನು, ಸಾಲ, ಮನೆ ಬಾಗಿಲವರೆಗೂ ಒಂದೇ ಬೆಳೆ. ಅಲ್ಲಿ ಆ ಬೆಳೆ ಹತ್ತಿ. ವರ್ಷಾ ವರ್ಷ ಹತ್ತಿ ಹಾಕಿ ಮಣ್ಣಿನ ಸಾರ ಹೋಗಿತ್ತು, ಅದರ ಮೇಲೆ ಮೆಕ್ಸಿಕೋ ಕಡೆಯಿಂದ ಹತ್ತಿ ಕೊರೆಯುವ ಸೊಂಡಿಲು ಹುಳುವೂ ಬಂತು. ಕಾರ್ವರ್ ಹೇಳಿದ್ದು ಇಷ್ಟು: ಹತ್ತಿ ಒಂದನ್ನೇ ನಂಬಬೇಡಿ, ಮಧ್ಯೆ ಅಲಸಂದೆ ಹಾಕಿ, ಕಡ್ಲೆಕಾಯಿ ಹಾಕಿ, ಸಿಹಿಗೆಣಸು ಹಾಕಿ. ಅಲಸಂದೆ, ಕಡ್ಲೆಕಾಯಿ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಅನ್ನುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ, ಮಣ್ಣಿಗೂ ಒಂದಿಷ್ಟು ಉಳಿಯುತ್ತದೆ. ಗೊಬ್ಬರ ಕೊಳ್ಳಲು ಕಾಸಿಲ್ಲದವರಿಗೆ ಬೇರಿನಲ್ಲೇ ಗೊಬ್ಬರ.

ರೈತರು ಕಾಲೇಜಿಗೆ ಬರುವುದಿಲ್ಲ ಅಂತ ಕಾಲೇಜನ್ನೇ ಗಾಡಿಗೆ ಹೇರಿದರು. 1906ರಲ್ಲಿ ಶುರುವಾದ ಜೆಸಪ್ ಗಾಡಿ ಅದು, ಪ್ರಾಣಿ ಎಳೆಯುವ ಬಂಡಿ, ಒಳಗೆ ಉಪಕರಣ, ಬೀಜ, ತೋರಿಸಿ ಹೇಳುವ ಸಾಮಾನು. ಈಗ ನಮ್ಮೂರುಗಳಿಗೆ ಇಲಾಖೆಯ ಪ್ರಚಾರದ ಗಾಡಿ ಮೈಕ್ ಕಟ್ಟಿಕೊಂಡು ಬರುತ್ತದಲ್ಲ, ಅದನ್ನು ನೋಡಿದಾಗೆಲ್ಲ ಇನ್ನು ಮೇಲೆ ನನಗೆ ಇದೇ ನೆನಪಾಗುವುದು. ಬಂಡಿಯ ಜೊತೆಗೆ ಪುಟ್ಟ ಪುಟ್ಟ ಪುಸ್ತಿಕೆಗಳು, ಒಟ್ಟು 44. ಓದಲು ಕಷ್ಟಪಡುವವರಿಗೂ ಗೊತ್ತಾಗುವ ಭಾಷೆ. 1916ರ ಪುಸ್ತಿಕೆಯಲ್ಲಿ ಕಡ್ಲೆಕಾಯಿ ಬೆಳೆಯುವ ಕ್ರಮದ ಜೊತೆ ಅದನ್ನು ಅಡುಗೆಗೆ ಬಳಸುವ 105 ದಾರಿ. ನೋಡಿ, ಬೆಳೆಯಿರಿ ಅಂತ ಹೇಳಿ ಕೈತೊಳೆದುಕೊಳ್ಳಲಿಲ್ಲ. ಬೆಳೆದದ್ದನ್ನು ಯಾರು ಕೊಳ್ಳುತ್ತಾರೆ ಅಂತ ರೈತ ಕೇಳುತ್ತಾನೆ ಅನ್ನುವುದು ಅವರಿಗೆ ಗೊತ್ತಿತ್ತು. ಯಾರೂ ಕೊಳ್ಳದಿದ್ದರೆ ಮನೆಯಲ್ಲಿ ತಿನ್ನಿ, ಹಸುವಿಗೆ ಹಾಕಿ, ಹಂದಿಗೆ ಹಾಕಿ, ಯಾವುದನ್ನೂ ಬಿಸಾಡಬೇಡಿ. ಹಿಂಡಿಯ ಬಗ್ಗೆ ನನಗೆ ಸಿಟ್ಟು ಬಂದದ್ದು ಇದನ್ನೆಲ್ಲ ಕೇಳಿಸಿಕೊಂಡ ಮಾರನೇ ಸಲ, ಅದಕ್ಕೇ.

ಈಗ ಮೂರನೇ ದೂರು. ಅಂಗಡಿಯಲ್ಲಿ ಪೀನಟ್ ಬಟರ್ ಮಾಡಿ ಮಾರುತ್ತಾರೆ. ರುಚಿ ಪರವಾಗಿಲ್ಲ, ಬೆಲ್ಲ ಹಾಕಿದ್ದು ಚೆನ್ನಾಗಿದೆ, ಉಪ್ಪಿನದ್ದು ಗಂಟಲಿಗೆ ಅಂಟುತ್ತದೆ. ಬಾಟಲಿಯ ಸ್ಟಿಕ್ಕರ್ ಮೇಲೆ ಕಾರ್ವರ್ ಚಿತ್ರ, ಕೆಳಗೆ ‘ಪೀನಟ್ ಬಟರ್ ಕಂಡುಹಿಡಿದವರು’ ಅಂತ. ಇದು ತಪ್ಪು. ಕೆನಡಾದ ಮಾರ್ಸೆಲಸ್ ಎಡ್ಸನ್ 1884ರಲ್ಲೇ ಕಡ್ಲೆಬೀಜದ ಪೇಸ್ಟಿಗೆ ಪೇಟೆಂಟ್ ತಗೊಂಡಿದ್ದರು, ಆಗ ಕಾರ್ವರ್ ಇನ್ನೂ ಕಾಲೇಜನ್ನೇ ಹತ್ತಿರಲಿಲ್ಲ. ಕಾರ್ವರ್ ಹೆಸರಿನಲ್ಲಿ 300 ಕಡ್ಲೆಕಾಯಿ ವಸ್ತುಗಳ ಪಟ್ಟಿ ಇದೆ, ನಿಜ. ಹಾಲು, ಬಣ್ಣ, ಸಾಬೂನು, ಏನೇನೋ. ಆದರೆ ಅದರಲ್ಲಿ ಮಾರುಕಟ್ಟೆಯಲ್ಲಿ ನಿಂತದ್ದು ತೀರಾ ಕಮ್ಮಿ, ಅವರು ಪಡೆದ ಪೇಟೆಂಟ್ ಬರೀ ಮೂರು. ಹುಡುಗಿಗೆ ಹೇಳಿದೆ. ‘ಗೊತ್ತು ಅಂಕಲ್, ಅಪ್ಪ ಅರ್ಜೆಂಟಲ್ಲಿ ಪ್ರಿಂಟ್ ಹಾಕಿಸಿಬಿಟ್ರು, ಮುಂದಿನ ಸಲ ಸರಿ ಮಾಡಿಸ್ತೀನಿ’ ಅಂದಳು. ಎಂಟು ತಿಂಗಳಾಯಿತು. ಸಾವಿರ ಸ್ಟಿಕ್ಕರ್ ಹೊಡೆಸಿದ್ದಾರಂತೆ, ಮುಗಿಯಬೇಕಲ್ಲ.

ಇನ್ನೊಂದು ಬಾಟಲಿ, ಮಂಡಿ ನೋವಿಗೆ ಮಾಲೀಶ್ ಎಣ್ಣೆ. ಇದಕ್ಕೂ ಮೇಷ್ಟ್ರ ಹೆಸರು ಎಳೆದು ತರುತ್ತಾರೆ. 1930ರ ದಶಕದಲ್ಲಿ ಕಾರ್ವರ್ ಪೋಲಿಯೋ ಆದವರಿಗೆ ಕಡ್ಲೆಕಾಯಿ ಎಣ್ಣೆ ಹಚ್ಚಿ ಮಾಲೀಶ್ ಮಾಡುತ್ತಿದ್ದರು, ಪತ್ರಿಕೆಗಳಲ್ಲಿ ಬಂದು ಜನ ಮುಗಿಬಿದ್ದರು. ಗುಣ ಏನಾದರೂ ಕಂಡಿದ್ದರೆ ಅದು ತಿಕ್ಕಿದ್ದಕ್ಕೆ, ಎಣ್ಣೆಗೆ ಅಂಥ ಶಕ್ತಿ ಇದೆ ಅಂತ ಸಾಬೀತಾಗಲಿಲ್ಲ. ಮಂಡಿ ನೋವಿಗೆ ಡಾಕ್ಟರ ಹತ್ತಿರ ಹೋಗಿ. ಆ ಬಾಟಲಿಗೆ ನನ್ನ ಕಡೆಯಿಂದ ಸೊನ್ನೆ.

ಯಜಮಾನರು ಗಿರಾಕಿಗಳಿಗೆಲ್ಲ ‘ಗಾಂಧೀಜಿಗೂ ಇವರಿಗೂ ಕಾಗದ ನಡೀತಿತ್ತು’ ಅನ್ನುತ್ತಾರೆ. ಬೊಗಳೆ ಅಂದುಕೊಂಡಿದ್ದೆ. ನಿಜವಂತೆ, ಊಟದ ವಿಷಯಕ್ಕೆ ಪತ್ರ ವ್ಯವಹಾರ ಇತ್ತು. ಆಮೇಲೆ ಹೆನ್ರಿ ವಾಲೇಸ್ ಅಂತ ಒಬ್ಬ ಹುಡುಗ, ಅಯೋವಾದಲ್ಲಿ ಕಾರ್ವರ್ ಹಿಂದೆ ಗಿಡ ನೋಡಿಕೊಂಡು ಹೊಲ ಸುತ್ತಿದವನು, ಮುಂದೆ ಅಮೆರಿಕದ ಕೃಷಿ ಮಂತ್ರಿ, ಉಪಾಧ್ಯಕ್ಷ ಎಲ್ಲ ಆದ. ನನಗೆ 300 ವಸ್ತುಗಳ ಪಟ್ಟಿಗಿಂತ ಇದು ದೊಡ್ಡದಾಗಿ ಕಾಣುತ್ತದೆ. ಪಟ್ಟಿ ಹಳೆಯದಾಯಿತು. ಹೊಲ ಸುತ್ತಿಸಿ ಕಲಿಸಿದ್ದು ಯಾರ್ಯಾರಿಂದಲೋ ಯಾರ್ಯಾರಿಗೋ ದಾಟಿಕೊಂಡು ಈ ಗಾಣದಂಗಡಿಯ ಹುಡುಗಿಯವರೆಗೂ ಬಂದಿದೆ.

ದೊಡ್ಡಪ್ಪನಿಗೆ ಇದನ್ನೆಲ್ಲ ಹೇಳಿದರೆ ಅವರು ಕರಗಲಿಲ್ಲ. ‘ಅಕ್ಕಡಿ ಸಾಲು ನಮ್ಮಜ್ಜಿಗೂ ಗೊತ್ತಿತ್ತು ಕಣಪ್ಪಾ. ರಾಗಿ ಮಧ್ಯೆ ಅವರೆ, ಕಡ್ಲೆಕಾಯಿ ಮಧ್ಯೆ ತೊಗರಿ. ಇದಕ್ಕೆ ಅಮೆರಿಕದವನು ಬರಬೇಕಿತ್ತಾ?’ ಅಂದರು. ಸರಿ, ಒಪ್ಪಿದೆ. ಆದರೆ ಆಮೇಲೆ ನಾನೂ ಕೇಳಿದೆ, ಹೋದ ವರ್ಷ ಏನು ಹಾಕಿದ್ದಿರಿ? ಕಡ್ಲೆಕಾಯಿ. ಅದರ ಹಿಂದಿನ ವರ್ಷ? ಕಡ್ಲೆಕಾಯಿ. ತೊಗರಿ ಸಾಲು? ಕೂಲಿ ಆಳು ಸಿಗಲ್ಲ, ಬಿಟ್ಟುಬಿಟ್ಟೆ. ಅಲಬಾಮಾದಲ್ಲಿ ಹತ್ತಿಗೆ ಮದ್ದಾಗಿ ಬಂದ ಗಿಡವೇ ನಮ್ಮ ಪಾವಗಡದ ಕೆಂಪು ಮಣ್ಣಿನಲ್ಲಿ ಹತ್ತಿಯ ಜಾಗದಲ್ಲಿ ಕೂತಿದೆ. ಒಂದು ಮಳೆ ಕೈಕೊಟ್ಟರೆ ಇಡೀ ಊರಿಗೆ ಊರೇ ಖಾಲಿ. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಹುಡುಗಿಗೆ ಒಂದ್ಸಲ ಇತ್ಲಾಗೆ ಬರಕ್ಕೆ ಹೇಳು’ ಅಂದರು. ಬಂದಿದ್ದಳು. ಈ ವರ್ಷ ಎಂಟು ಸಾಲಿಗೊಂದು ತೊಗರಿ ಸಾಲು ಹಾಕಿದ್ದಾರೆ. ಅರ್ಧ ಹೊಲಕ್ಕೆ ಮಾತ್ರ, ಪೂರ್ತಿ ಅಲ್ಲ. ಅಷ್ಟು ಬೇಗ ಸೋಲುವ ಜಾತಿಯಲ್ಲ ಅವರು.

ಎಣ್ಣೆಗೆ ಐದಕ್ಕೆ ನಾಲ್ಕೂವರೆ, ವ್ಯವಹಾರಕ್ಕೆ ಮೂರು, ಕತೆಗೆ ಐದು. ಹೋಗುವವರು ಸ್ಟೀಲ್ ಕ್ಯಾನ್ ತಗೊಂಡು ಹೋಗಿ, ಅಲ್ಲಿನ ಪ್ಲಾಸ್ಟಿಕ್ ಕ್ಯಾನಿಗೆ ಬೇರೆ ದುಡ್ಡು ಹಾಕುತ್ತಾರೆ. ಬೀಜ ಚೆನ್ನಾಗಿ ಒಣಗಿರಲಿ. ಬೂಷ್ಟು ಹಿಡಿದದ್ದು, ಕಪ್ಪಾದದ್ದು ಒಂದೊಂದೂ ಆರಿಸಿ ತೆಗೆಯಿರಿ. ಅದರಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಗಾಣದ ಎಣ್ಣೆಯನ್ನು ರಿಫೈನ್ ಮಾಡುವುದಿಲ್ಲವಾದ್ದರಿಂದ ಎಣ್ಣೆಗೂ ಬರಬಹುದು, ಹಿಂಡಿಯಲ್ಲಿ ಇನ್ನೂ ಜಾಸ್ತಿ ಉಳಿಯುತ್ತದೆ. ಬೆಳಗ್ಗೆ ಎಂಟಕ್ಕೇ ಹೋದರೆ ಕಾಯುವುದು ತಪ್ಪುತ್ತದೆ. ಮಂಗಳವಾರ ರಜೆ. ಹಿಂಡಿ ಬಿಟ್ಟು ಬರಬೇಡಿ.