ಮುಂಚಕ್ರದ ಮೇಲೊಂದು ಎಂಜಿನ್: ಸೈಕಲ್ ಕಿಟ್ಟಿನ ವಿಮರ್ಶೆ

ತೋಟದಲ್ಲಿ ಕಳೆ ಹೊಡೆಯುವ ಯಂತ್ರದ 43 ಸಿಸಿ ಟೂ-ಸ್ಟ್ರೋಕ್ ಎಂಜಿನನ್ನು ಸೈಕಲ್ಲಿನ ಮುಂಚಕ್ರದ ಮೇಲೆ ಕೂರಿಸಲು ಬೇಕಾದ ಬ್ರಾಕೆಟ್, ರೋಲರ್ ಮತ್ತು ಆಕ್ಸಿಲರೇಟರ್ ಕೇಬಲ್ ಇರುವ ಕಿಟ್ಟೊಂದನ್ನು 4,200 ರೂಪಾಯಿ ಕೊಟ್ಟು ತರಿಸಿದ್ದೆ. ತತ್ತ್ವ ಹಳೆಯದು: ಫ್ರಾನ್ಸಿನಲ್ಲಿ 1946ರಿಂದ 1988ರವರೆಗೆ ತಯಾರಾದ ವೆಲೊಸೊಲೆಕ್ಸ್ ಎಂಬ ಮೊಪೆಡ್ಡಿನಲ್ಲಿಯೂ ಎಂಜಿನ್ ಹ್ಯಾಂಡಲಿನ ಮುಂದೆಯೇ ಕುಳಿತು, ಟೈರಿಗೆ ಒತ್ತಿಕೊಂಡ ರೋಲರಿನಿಂದ ಚಕ್ರವನ್ನು ತಿರುಗಿಸುತ್ತಿತ್ತು.

ಜೋಡಣೆಯಲ್ಲಿ ಕಾಡಿದ್ದು ಎಂಜಿನ್ ಅಲ್ಲ, ಬ್ರೇಕು. ನನ್ನ ಹಳೆಯ ಸೈಕಲ್ಲಿನ ರಾಡ್ ಬ್ರೇಕ್ ಬ್ರಾಕೆಟ್ಟಿಗೆ ಅಡ್ಡ ಬಂದದ್ದರಿಂದ ಅದನ್ನು ತೆಗೆದು ಕೇಬಲ್ ಬ್ರೇಕ್ ಹಾಕಿಸಿ, ಮಡ್‌ಗಾರ್ಡನ್ನೂ ಕತ್ತರಿಸಬೇಕಾಯಿತು. ಕೈಪಿಡಿಯಲ್ಲಿ ಈ ಬಗ್ಗೆ ಒಂದಕ್ಷರವೂ ಇಲ್ಲ. ಸಾಲದ್ದಕ್ಕೆ, ಕೊಟ್ಟಿರುವ ನಟ್ಟುಗಳು ಮೂರನೆಯ ದಿನವೇ ಅದುರಾಟಕ್ಕೆ ಸಡಿಲಗೊಂಡು ರೋಲರ್ ಓರೆಯಾಗಿ, ಟೈರಿನ ರಬ್ಬರ್ ಕಪ್ಪು ಹುಡಿಯಾಗಿ ನನ್ನ ಪಂಚೆಯ ಮೇಲೆಲ್ಲ ಉದುರಿತು. ನೈಲಾನ್ ಲಾಕ್ ನಟ್ ಹಾಕಿದ ಮೇಲೆ ಆ ಕಾಟ ತಪ್ಪಿದೆ.

ಒಣ ನೆಲದಲ್ಲಿ, ನಾಲ್ಕು ಸಲ ಪೆಡಲ್ ತುಳಿದು ವೇಗ ಹಿಡಿಸಿದರೆ, ಓಟ ನಿಜಕ್ಕೂ ಸೊಗಸಾಗಿದೆ. ಮಳೆಗಾಲದಲ್ಲಿ ಮಾತ್ರ ರೋಲರ್ ಒದ್ದೆ ಟೈರಿನ ಮೇಲೆ ಜಾರಿ ಎಂಜಿನ್ ಬರಿದೇ ಅರಚುತ್ತದೆ. ಭಾರವೆಲ್ಲ ಮುಂದಿರುವುದರಿಂದ ನಿಧಾನದ ತಿರುವುಗಳಲ್ಲಿ ಹ್ಯಾಂಡಲ್ ಒಂದು ಕಡೆಗೆ ವಾಲುವುದೂ ಉಂಟು.

25 ಸಿಸಿ ಮೀರಿದ ಎಂಜಿನ್ ಇದ್ದರೆ 1988ರ ಮೋಟಾರು ವಾಹನ ಕಾಯ್ದೆಯಂತೆ ಅದು ಮೋಟಾರು ವಾಹನವೇ ಆಗುವುದರಿಂದ, ನೋಂದಣಿಯಿಲ್ಲದೆ ರಸ್ತೆಗೆ ಇಳಿಸುವಂತಿಲ್ಲ. ಮಾರುವವರು ಇದನ್ನು ಹೇಳಲೇ ಇಲ್ಲ. ನನ್ನದು ತೋಟದ ಗೇಟು ದಾಟುವುದಿಲ್ಲ; ಐದಕ್ಕೆ ಮೂರು ಅಂಕ.