ಬೋರ್‌ವೆಲ್ ಪೈಪು: ಜಿಐ ಹಾಕೋದಾ, ಸ್ಟೀಲಾ?

ಮಂಡ್ಯದ ನಮ್ಮ ತೋಟದ ಬೋರ್‌ವೆಲ್‌ನಿಂದ ಪೈಪ್ ಎತ್ತಿಸಿದರೆ, ಜಾಯಿಂಟ್ ಹತ್ತಿರವೇ ತುಕ್ಕು ತಿಂದು ತೂತಾಗಿತ್ತು. ಅದು ಜಿಐ.

ಜಿಐ ಅಂದರೆ ಕಬ್ಬಿಣದ ಮೇಲೆ ಸತುವಿನ ಲೇಪ. ನೀರಲ್ಲಿ ಸತು ಮೊದಲು ತಾನು ಕರಗಿ ಕಬ್ಬಿಣವನ್ನು ಕಾಯುತ್ತದೆ. ಸಣ್ಣ ಗೀರು ಬಿದ್ದರೂ ಚಿಂತೆಯಿಲ್ಲ. ಆದರೆ ಜಾಯಿಂಟ್‌ಗಾಗಿ ಥ್ರೆಡ್ ಕೊರೆದ ಕಡೆ ಲೇಪವೇ ಹೋಗಿರುತ್ತದೆ. ಸುತ್ತಲಿನ ಸತು ಮುಗಿಯಿತೋ, ಕಬ್ಬಿಣದ ಸರದಿ. ನೀರಲ್ಲಿ ಹುಳಿ ಅಂಶವಿದ್ದರೆ ಇನ್ನೂ ಬೇಗ. ಗಡಸು ನೀರಾದರೆ ಒಳಗೆ ಸುಣ್ಣ ಕಟ್ಟಿ ಒಂದಿಷ್ಟು ಕಾಪಾಡುತ್ತದೆ, ಆದರೆ ಪೈಪೂ ಕಟ್ಟಿಕೊಳ್ಳುತ್ತದೆ!

ಸ್ಟೀಲ್ ಅಂದರೆ ಇಲ್ಲಿ ಸ್ಟೇನ್‌ಲೆಸ್ ಸ್ಟೀಲ್. ಅದರ 304 ಎಂಬ ದರ್ಜೆಯಲ್ಲಿ ಸುಮಾರು 18% ಕ್ರೋಮಿಯಂ ಇದೆ. ಅದು ಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ. ಗೀರಿದರೆ ನೀರಿನ ಆಮ್ಲಜನಕದಿಂದ ತಾನೇ ಕೂಡಿಕೊಳ್ಳುತ್ತದೆ. ಇದಕ್ಕೆ ಶತ್ರು ಉಪ್ಪಿನ ಕ್ಲೋರೈಡ್. ಹೊರಗೆ ಥಳಥಳ, ಒಳಗೆ ಸೂಜಿಮೊನೆ ತೂತು. 316 ಎಂಬ ಇನ್ನೊಂದು ದರ್ಜೆಯಲ್ಲಿ 2–3% ಮಾಲಿಬ್ಡಿನಂ ಎಂಬ ಲೋಹ ಇರುವುದರಿಂದ ಕ್ಲೋರೈಡ್ ತಡೆಯುವ ಶಕ್ತಿ ಜಾಸ್ತಿ, ಬೆಲೆಯೂ ಜಾಸ್ತಿ.

ಸ್ಟೀಲ್ ಪೈಪುಗಳನ್ನು ಜೋಡಿಸಲು ಜಿಐ ಸಾಕೆಟ್ ಹಾಕಿಸಲೇಬೇಡಿ. ಎರಡು ಲೋಹ ನೀರಲ್ಲಿ ಕೂಡಿದರೆ ಬ್ಯಾಟರಿಯಂತಾಗಿ ಸಾಕೆಟ್ ಬೇಗ ಸವೆಯುತ್ತದೆ.

ನೀರು ಉಪ್ಪಿಲ್ಲದಿದ್ದರೆ ನನ್ನ ಆಯ್ಕೆ 304. ಸುಮ್ನೆ 316ಕ್ಕೆ ದುಡ್ಡು ಸುರಿಯೋದೇಕೆ? ಮೊದಲು ಒಂದು ಬಾಟಲಿ ನೀರು ಪರೀಕ್ಷೆಗೆ ಕೊಡಿ, ಕ್ಲೋರೈಡ್ ಎಷ್ಟಿದೆ ಅಂತ ಕೇಳಿ.